ಊರಿಗೇ ಆದ ಗಾಯ

ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಿಂದ ಸುಮಾರು ಮೂವತ್ತೈದು ವರ್ಷದ ಹೆಣ್ಣುಮಗಳೊಬ್ಬಳು ರಾಯಚೂರಿನ ನನ್ನ ದವಾಖಾನೆಗೆ ಬಂದಿದ್ದಳು. “ಎದಿ ಡವಡವ ಅಂತೈತ್ರಿ ಸಾಹೇಬ್ರ, ರಾತ್ರಿ ನಿದ್ದಿ ಹತ್ತವಲ್ದು” ಎಂಬುದು ಆಕೆಯ ದೂರು. ನಾಡಿ ನಿಮಿಷಕ್ಕೆ 104 ಇತ್ತು. ರಕ್ತದೊತ್ತಡ ಸ್ವಲ್ಪ ಹೆಚ್ಚಾಗಿತ್ತು. ಇಸಿಜಿ ತೆಗೆಸಿದೆ, ಸರಿಯಾಗಿತ್ತು. ರಕ್ತಹೀನತೆಯೋ ಥೈರಾಯಿಡ್ ತೊಂದರೆಯೋ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದೆ. ಅದರಲ್ಲಿಯೂ ದೋಷ ಕಾಣಲಿಲ್ಲ. “ಏನೂ ಇಲ್ಲವ್ವ, ಧೈರ್ಯದಿಂದ ಇರು” ಎಂದು ಹೇಳಿ, ನಿದ್ರೆಗೆ ಗುಳಿಗೆ ಬರೆದು ಕಳಿಸಿದೆ.

ಒಂದೇ ತಿಂಗಳಲ್ಲಿ ಆಕೆ ಮೂರು ಸಲ ಬಂದಳು. ಮೂರನೆಯ ಸಲ ಜೊತೆಗೆ ಬಂದಿದ್ದ ಅತ್ತೆ ಬಾಯಿಬಿಟ್ಟರು. “ಗಿರಣಿಗೆ ಹೋಗಾಕ ಸಿದಾ ಹಾದಿ ಐತ್ರಿ. ಈಕಿ ಊರೆಲ್ಲ ಸುತ್ತು ಹಾಕ್ಕೊಂಡು ಹೊಕ್ಕಾಳ. ಆ ಮನಿ ಮುಂದ ಹಾಯೂದಿಲ್ಲ ಅಂತಾಳ.”

ಆ ಮನೆ ಯಾರದು ಎಂದು ಕೇಳಿದಾಗ ವಿಷಯ ಹೊರಬಿತ್ತು. ನಾಲ್ಕು ತಿಂಗಳ ಹಿಂದೆ ಹೊಲದ ಬದುವಿನ ಜಗಳ ಎರಡು ಮನೆತನಗಳ ಹೊಡೆದಾಟವಾಗಿ ಬೆಳೆದಿತ್ತು. ಆಕೆಯ ಕಣ್ಣೆದುರಿಗೇ ಗಂಡನ ತಲೆ ಒಡೆದಿತ್ತು. ಒಡೆದವನು ಬೇರೆ ಊರಿನವನಲ್ಲ, ಆಕೆ ಮದುವೆಯಾಗಿ ಬಂದ ದಿನದಿಂದ ‘ಅಣ್ಣ’ ಎಂದು ಕರೆಯುತ್ತಿದ್ದ ನೆರೆಯವನು. ಗಂಡನ ತಲೆಯ ಹೊಲಿಗೆ ಹತ್ತು ದಿನದಲ್ಲಿ ಬಿಚ್ಚಿದ್ದಾಯಿತು. ಆಕೆಯ ಎದೆಬಡಿತ ಮಾತ್ರ ಇಳಿಯಲಿಲ್ಲ.

ತಪ್ಪು ನನ್ನದು. “ಮನೆಯಲ್ಲಿ, ಊರಲ್ಲಿ ಏನಾದರೂ ನಡೆಯಿತೇನವ್ವ?” ಎಂಬ ಒಂದು ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕಾಗಿತ್ತು. ಈ ವಾರದ ಲೇಖನ ಆ ಕೇಳದ ಪ್ರಶ್ನೆಯ ಬಗ್ಗೆ.

ವೈದ್ಯರಿಗೇನು ಸಂಬಂಧ?

ಹೊಡೆದಾಟ, ಗಲಭೆ ಎಂದರೆ ಅದು ಪೊಲೀಸರಿಗೆ, ಕೋರ್ಟಿಗೆ ಸಂಬಂಧಿಸಿದ್ದು ಎಂದು ನೀವು ಹೇಳಬಹುದು. ಬಹಳ ಕಾಲ ವೈದ್ಯರೂ ಹಾಗೆಯೇ ತಿಳಿದಿದ್ದರು. ಆದರೆ 1996ರಲ್ಲಿ ವಿಶ್ವ ಆರೋಗ್ಯ ಸಭೆಯು ಹಿಂಸೆಯನ್ನು ಜಗತ್ತಿನ ಒಂದು ಪ್ರಮುಖ ಸಾರ್ವಜನಿಕ ಆರೋಗ್ಯ ಸಮಸ್ಯೆ ಎಂದು ಘೋಷಿಸಿತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವಿಷಯದ ಮೇಲೆಯೇ ಒಂದು ದೊಡ್ಡ ವರದಿಯನ್ನು ಹೊರತಂದಿತು. ಮಲೇರಿಯಾ, ಕಾಲರಾಗಳಿಗೆ ಹೇಗೆ ಕಾರಣ, ಹರಡುವ ರೀತಿ, ತಡೆಯುವ ಉಪಾಯಗಳಿವೆಯೋ ಹಾಗೆಯೇ ಹಿಂಸೆಗೂ ಇವೆ ಎಂಬುದು ಅದರ ತಿರುಳು.

ದೇಹದಲ್ಲಿ ಏನಾಗುತ್ತದೆ?

ಅಪಾಯ ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸದೂತಗಳನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಓಡಲು ಅಥವಾ ಎದುರಿಸಲು ದೇಹ ಸಿದ್ಧವಾಗುವ ಬಗೆ ಇದು. ಅಪಾಯ ಕಳೆದೊಡನೆ ಎಲ್ಲವೂ ಮೊದಲಿನಂತಾಗಬೇಕು. ಹೀಗಿರುವಾಗ ಹೆದರಿಕೆ ರೋಗವಲ್ಲ, ನಮ್ಮನ್ನು ಕಾಯುವ ಗುಣ.

ತೊಂದರೆ ಬರುವುದು ಅಪಾಯ ಕಳೆಯದೇ ಇದ್ದಾಗ, ಅಥವಾ ಕಳೆದರೂ ಮನಸ್ಸು ಅದನ್ನು ನಂಬದೇ ಇದ್ದಾಗ. ನಿದ್ರೆ ಕೆಡುತ್ತದೆ. ಬಾಗಿಲು ಬಡಿದ ಸದ್ದಿಗೆ ಮೈ ಬೆವರುತ್ತದೆ. ನಡೆದದ್ದು ಕನಸಿನಲ್ಲಿ, ಕೆಲವೊಮ್ಮೆ ಹಗಲಿನಲ್ಲಿಯೂ ಕಣ್ಣ ಮುಂದೆ ಬರುತ್ತದೆ. ಆ ಜಾಗ, ಆ ಜನ, ಆ ಮಾತು ಬೇಡವೆನಿಸುತ್ತದೆ. ಸಿಡುಕು ಹೆಚ್ಚುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲೇ ಇದ್ದವರಲ್ಲಿ ಅವು ಹತೋಟಿ ತಪ್ಪುತ್ತವೆ. ತಲೆನೋವು, ಹೊಟ್ಟೆ ಉರಿ, ಮೈಕೈ ಸೆಳೆತ ಎಂದು ದವಾಖಾನೆ ಸುತ್ತುವವರೂ ಉಂಟು.

ಮೊದಲ ಕೆಲವು ವಾರ ಹೀಗಾಗುವುದು ಸ್ವಾಭಾವಿಕ. ಧೈರ್ಯ ಹೇಳುವವರು ಜೊತೆಗಿದ್ದರೆ ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ಮೀರಿಯೂ ಈ ಲಕ್ಷಣಗಳು ಉಳಿದು ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದರೆ ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಎನ್ನುತ್ತೇವೆ. ಈ ಹೆಸರು ವೈದ್ಯರ ಪಟ್ಟಿಗೆ ಸೇರಿದ್ದು 1980ರಲ್ಲಿ. ಕಾಯಿಲೆ ಮಾತ್ರ ಮನುಷ್ಯರ ಜಗಳದಷ್ಟೇ ಹಳೆಯದು.

ಸಣ್ಣ ಊರಿನ ಕಷ್ಟವೇ ಬೇರೆ

ನಾನು ಬೆಳೆದದ್ದು ದೇವದುರ್ಗದಲ್ಲಿ. ನಮ್ಮ ಓಣಿಯ ಹಿರಿಯರೆಲ್ಲ ನಮಗೆ ಕಾಕಾ, ಮಾಮಾ, ಚಾಚಾ. ಅವ್ವ ಊರಿಗೆ ಹೋದರೆ ನಮ್ಮ ಊಟ ಪಕ್ಕದ ಮನೆಯಲ್ಲಿ. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಎಲ್ಲ ಜಾತಿಯವರೂ ಹೆಜ್ಜೆ ಹಾಕುವುದು ನಮ್ಮ ಸೀಮೆಯ ರೂಢಿ. ಮುದಗಲ್ಲಿನ ಮೊಹರಂ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದು ನಮ್ಮ ಊರುಗಳಲ್ಲಿ ಎಲ್ಲರೂ ಸಮಾನರಾಗಿದ್ದರು ಎಂದರೆ ಸುಳ್ಳಾದೀತು. ಚಹದ ಅಂಗಡಿಯಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟಿದ್ದ ಊರುಗಳು ನಮ್ಮ ಭಾಗದಲ್ಲಿ ಕಡಿಮೆಯೇನಲ್ಲ. ಒಗ್ಗಟ್ಟಿನ ಒಳಗೆ ಯಾರಿದ್ದರು, ಹೊರಗೆ ಯಾರಿದ್ದರು ಎಂಬುದು ಜಗಳ ಬಂದ ದಿನ ಗೊತ್ತಾಗುತ್ತದೆ.

ದೊಡ್ಡ ಪಟ್ಟಣದಲ್ಲಿ ಹೊಡೆದವನು ಮತ್ತೆ ಎದುರಾಗದೇ ಇರಬಹುದು. ನಮ್ಮಲ್ಲಿ ಹಾಗಲ್ಲ. ಅದೇ ನೀರಿನ ಟ್ಯಾಂಕು, ಅದೇ ರೇಷನ್ ಅಂಗಡಿ, ಅದೇ ಶಾಲೆ. ದೇವದುರ್ಗದ ಕಡೆಯಿಂದ ರಾಯಚೂರಿನ ಕೋರ್ಟಿಗೆ ವಾಯಿದೆಗೆಂದು ಬರುವ ಎರಡು ಪಕ್ಷದವರೂ ಎಷ್ಟೋ ಸಲ ಒಂದೇ ಬಸ್ಸಿನಲ್ಲಿ ಕುಳಿತಿರುತ್ತಾರೆ. ದಿನವೂ ಎದುರಾಗುವ ಮುಖ ದಿನವೂ ಆ ಗಳಿಗೆಯನ್ನು ನೆನಪಿಗೆ ತರುತ್ತದೆ. ದೇಹದ ಅಪಾಯದ ಗಂಟೆ ನಿಲ್ಲುವುದೇ ಇಲ್ಲ.

ಪೆಟ್ಟು ತಿಂದವರಿಗಷ್ಟೇ ಇದು ಸೀಮಿತವಲ್ಲ. ಕಟ್ಟೆಯ ಮೇಲೆ ನಿಂತು ನೋಡಿಯೂ ಬಿಡಿಸಲಾಗದವರಿಗೆ ‘ನಾನು ಸುಮ್ಮನಿದ್ದೆನಲ್ಲ’ ಎಂಬ ಕೊರಗು. ಹೊಡೆದವನ ಹೆಂಡತಿ ಮಕ್ಕಳಿಗೆ ಜಾಮೀನು, ವಕೀಲರ ಫೀ, ತಪ್ಪಿದ ಕೂಲಿ, ತಲೆ ತಗ್ಗಿಸುವ ನಾಚಿಕೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಡುರಾತ್ರಿ ಹೆರಿಗೆ ನೋವು ಬಂದರೆ ಓಡಿಬರುತ್ತಿದ್ದ ನೆರೆಯಾಕೆ ಈಗ ಬರುವುದಿಲ್ಲ. ಎದೆ ಹಿಡಿದುಕೊಂಡು ಬಿದ್ದವನನ್ನು ಆಟೋ ತಂದು ಆಸ್ಪತ್ರೆಗೆ ಸಾಗಿಸುತ್ತಿದ್ದ ಹುಡುಗ ಈಗ ‘ಅವರ ಕಡೆಯವನು’. ಸಣ್ಣ ಊರಿನಲ್ಲಿ ನೆರೆಹೊರೆಯೇ ಮೊದಲ ಔಷಧ. ಹಿಂಸೆ ಗಾಯ ಮಾಡುವುದರ ಜೊತೆಗೆ ಆ ಔಷಧವನ್ನೂ ಕಸಿದುಕೊಳ್ಳುತ್ತದೆ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಅಮೆರಿಕದ ಬಫಲೋ ಕ್ರೀಕ್ ಎಂಬ ಕಣಿವೆಯಲ್ಲಿ 1972ರಲ್ಲಿ ಕಲ್ಲಿದ್ದಲು ಗಣಿಯ ಕಟ್ಟೆಯೊಂದು ಒಡೆದು 125 ಜನ ಸತ್ತರು. ಬದುಕಿ ಉಳಿದವರನ್ನು ಅಧಿಕಾರಿಗಳು ಹಳೆಯ ನೆರೆಹೊರೆ ನೋಡದೆ ಸಿಕ್ಕ ಸಿಕ್ಕ ಕಡೆ ವಸತಿ ಕೊಟ್ಟು ಇರಿಸಿದರು. ಅವರನ್ನು ಮಾತಾಡಿಸಿದ ಸಮಾಜಶಾಸ್ತ್ರಜ್ಞ ಕೈ ಎರಿಕ್ಸನ್, ಪ್ರತಿಯೊಬ್ಬನ ಮನಸ್ಸಿಗೆ ಆದ ಆಘಾತ ಒಂದು, ಊರೆಂಬ ಕಟ್ಟೇ ಕಳಚಿ ಬಿದ್ದ ಆಘಾತ ಇನ್ನೊಂದು ಎಂದು ಗುರುತಿಸಿದರು. ಸುತ್ತಲಿನ ಊರೇ ಇಲ್ಲವಾದಾಗ ಒಬ್ಬೊಬ್ಬರ ಗಾಯ ಮಾಗುವುದೂ ಕಷ್ಟವಾಗುತ್ತದೆ ಎಂಬುದು ಅವರು ಕಂಡ ಮಾತು. ಅಲ್ಲಿ ನೀರು ಮಾಡಿದ ಕೆಲಸವನ್ನು ನಮ್ಮಲ್ಲಿ ಹಲವು ಸಲ ಮನುಷ್ಯರೇ ಮಾಡಿದ್ದಾರೆ.

ಎಷ್ಟು ವರ್ಷ ಉಳಿಯುತ್ತದೆ?

ಇದಕ್ಕೆ ನಮ್ಮ ಜಿಲ್ಲೆಯ ಹಿರಿಯರೇ ಉತ್ತರ. ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1947–48ರಲ್ಲಿ ರಜಾಕಾರರ ಹಾವಳಿಗೆ ಅಂಜಿ ಎಷ್ಟೋ ಕುಟುಂಬಗಳು ಮನೆ ಬಿಟ್ಟು ತುಂಗಭದ್ರೆ ದಾಟಿದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂದಿತು, 17ರಂದು ನಿಜಾಮರು ಶರಣಾದರು. ಸಂಸ್ಥಾನದ ಹಲವೆಡೆ ಆ ಬಳಿಕ ಮುಸ್ಲಿಂ ಕುಟುಂಬಗಳ ಮೇಲೆ ಸೇಡಿನ ಹಿಂಸೆ ನಡೆಯಿತು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ.

ಕೆಲವು ವರ್ಷಗಳ ಹಿಂದೆ ಎಂಬತ್ತು ದಾಟಿದ ಅಜ್ಜನೊಬ್ಬನನ್ನು ಸೊಂಟದ ಮೂಳೆ ಮುರಿದು ಆಸ್ಪತ್ರೆಗೆ ಸೇರಿಸಿದ್ದರು. ಶಸ್ತ್ರಚಿಕಿತ್ಸೆಯಾದ ರಾತ್ರಿ ಆತನಿಗೆ ಭ್ರಮೆಯಾಯಿತು. ಈ ವಯಸ್ಸಿನಲ್ಲಿ ಹೀಗಾಗುವುದು ಸಾಮಾನ್ಯ. “ದೀಪ ಆರಸ್ರಿ, ಹೊಳಿ ದಾಟ್ರಿ” ಎಂದು ಬೆಳಗಿನವರೆಗೂ ಕೂಗಿದ. ಅಪ್ಪ ಆ ವಿಷಯವನ್ನು ಮನೆಯಲ್ಲಿ ಒಂದು ದಿನವೂ ಮಾತಾಡಿದ್ದಿಲ್ಲ ಎಂದು ಮಗ ಹೇಳಿದ. ಅದೇ ವರ್ಷ ನನ್ನಲ್ಲಿ ಸಕ್ಕರೆ ಕಾಯಿಲೆಗೆ ಬರುತ್ತಿದ್ದ ಒಬ್ಬ ಅಜ್ಜಿ, ಪ್ರತಿ ಸೆಪ್ಟೆಂಬರಿನಲ್ಲಿ ಊಟ ಬಿಡುತ್ತಿದ್ದಳು. ಆಕೆಯ ತಂದೆ 1948ರ ಸೆಪ್ಟೆಂಬರಿನಲ್ಲಿ ಸಂತೆಗೆ ಹೋದವರು ಮರಳಿರಲಿಲ್ಲ. ಇಬ್ಬರ ನೋವೂ ಒಂದೇ ಜಾತಿಯದು. ಒಬ್ಬರ ನೋವನ್ನು ತೂಗಿ ಇನ್ನೊಬ್ಬರದನ್ನು ಕಳೆಯುವ ತಕ್ಕಡಿ ವೈದ್ಯನ ಬಳಿ ಇಲ್ಲ.

ಮರಕುಂಬಿಯ ಪಾಠ

ಹಳೆಯದಷ್ಟೇ ಅಲ್ಲ, ಈಚಿನ ಉದಾಹರಣೆಯೂ ಹತ್ತಿರದಲ್ಲೇ ಇದೆ. ಗಂಗಾವತಿ ತಾಲ್ಲೂಕಿನ ಮರಕುಂಬಿ ಇಂದು ಕೊಪ್ಪಳ ಜಿಲ್ಲೆಗೆ ಸೇರಿದ ಊರು. 1997ರವರೆಗೆ ಅದು ನಮ್ಮ ರಾಯಚೂರು ಜಿಲ್ಲೆಯಲ್ಲೇ ಇತ್ತು. ಅಲ್ಲಿ ದಲಿತರಿಗೆ ಕ್ಷೌರದ ಅಂಗಡಿ, ಹೋಟೆಲುಗಳಲ್ಲಿ ಪ್ರವೇಶ ನಿರಾಕರಿಸಿದ ವಿಷಯವಾಗಿ ಮೊದಲೇ ಅಸಮಾಧಾನವಿತ್ತು. 2014ರ ಆಗಸ್ಟ್ 28ರಂದು, ಗಂಗಾವತಿಯ ಸಿನಿಮಾ ಮಂದಿರದ ಬಳಿ ನಡೆದ ಜಗಳದ ಬೆನ್ನಿಗೇ ಊರಿನಲ್ಲಿ ದಲಿತರ ಮೇಲೆ ಹಲ್ಲೆಯಾಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳು ಅವರಲ್ಲಿ ಬಹುತೇಕರಿಗೆ ಉಚ್ಚ ನ್ಯಾಯಾಲಯದಿಂದ ಜಾಮೀನು ದೊರೆಯಿತು.

ಬೆಂಕಿಗೂ ತೀರ್ಪಿಗೂ ನಡುವೆ ಹತ್ತು ವರ್ಷ. ಅಷ್ಟು ಕಾಲ ಸಾಕ್ಷಿ ಹೇಳುವವರೂ ಕಟಕಟೆಯಲ್ಲಿ ನಿಲ್ಲುವವರೂ ಒಂದೇ ಊರಿನವರು. ಈ ಪ್ರಕರಣದಿಂದ ವೈದ್ಯನಾಗಿ ನಾನು ಕಲಿಯುವುದು ಎರಡು ಮಾತು. ಒಂದು, ಗುಡಿಸಲು ಸುಡುವ ಮೊದಲೇ ಹಿಂಸೆ ಶುರುವಾಗಿರುತ್ತದೆ. ಮುಖಕ್ಷೌರಕ್ಕೆ ಕೂತವನನ್ನು ಎಬ್ಬಿಸಿ ಕಳಿಸುವುದೂ ಹಿಂಸೆಯೇ. ದಿನದಿನದ ಅವಮಾನ ರಕ್ತದೊತ್ತಡದಂತೆ, ಸದ್ದಿಲ್ಲದೆ ಏರುತ್ತದೆ. ಎರಡು, ಗಲಾಟೆ ನಿಂತಿತೆಂದರೆ ಊರು ಗುಣವಾಯಿತೆಂದಲ್ಲ. ಜ್ವರ ಇಳಿದ ಮಾತ್ರಕ್ಕೆ ಕೀವು ಹೋಯಿತೆನ್ನಲಾಗದು.

ಈ ಕಾರಣಕ್ಕೇ ‘ಆದದ್ದಾಯಿತು, ಕೈ ಕುಲುಕಿಸಿ ಮುಗಿಸೋಣ’ ಎಂಬ ಅವಸರದ ರಾಜಿ ಪಂಚಾಯಿತಿಯನ್ನು ನಾನು ಒಪ್ಪುವುದಿಲ್ಲ. ಹಿಂಸೆಗೊಳಗಾದವರಿಗೆ ಮೊದಲು ಬೇಕಾದದ್ದು ಸುರಕ್ಷಿತತೆ, ಬಳಿಕ ನ್ಯಾಯ. ನೆರೆತನ ಮರಳಿ ಹುಟ್ಟುವುದು ಆಮೇಲೆ. ಕೀವು ತೆಗೆಯದೆ ಹೊಲಿಗೆ ಹಾಕಿದರೆ ಗಾಯ ಒಳಗೇ ಕೊಳೆಯುತ್ತದೆ.

ಮಕ್ಕಳಲ್ಲಿ ಗುರುತಿಸುವುದು ಹೇಗೆ?

ಮಕ್ಕಳು ‘ನನಗೆ ಹೆದರಿಕೆ’ ಎಂದು ಹೇಳುವುದು ಕಡಿಮೆ. ಹಾಸಿಗೆಯಲ್ಲಿ ಉಚ್ಚೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಬಹುದು. ಅವ್ವನ ಸೆರಗು ಬಿಡದಿರಬಹುದು. ಶಾಲೆಯ ಹೊತ್ತಿಗೆ ಹೊಟ್ಟೆನೋವು ಬರಬಹುದು. ಆಟದಲ್ಲಿ ಅದೇ ಹೊಡೆದಾಟವನ್ನು ಮತ್ತೆ ಮತ್ತೆ ಆಡಬಹುದು. ದೊಡ್ಡ ಹುಡುಗರು ಮಾತು ಬಿಡುತ್ತಾರೆ, ಇಲ್ಲವೇ ಸೇಡಿನ ಮಾತೇ ಆಡುತ್ತಾರೆ. ಬೈದರೆ, ಹೊಡೆದರೆ ಇದು ಹೆಚ್ಚುತ್ತದೆ. ಮಗುವಿಗೆ ನಿಜವನ್ನು ಅದರ ವಯಸ್ಸಿಗೆ ತಕ್ಕಷ್ಟು ಹೇಳಿ. “ನಾವು ನಿನ್ನ ಜೊತೆ ಇದ್ದೀವಿ” ಎನ್ನಿ. ಊಟ, ಶಾಲೆ, ಆಟ, ನಿದ್ರೆಯ ಹೊತ್ತು ಮೊದಲಿನಂತೆ ನಡೆಯಲಿ. ಅದೇ ಅದಕ್ಕೆ ದೊಡ್ಡ ಚಿಕಿತ್ಸೆ.

ಏನು ಮಾಡಬೇಕು?

1. ಪೆಟ್ಟಾದವರನ್ನು ತಕ್ಷಣ ಆಸ್ಪತ್ರೆಗೆ ಸೇರಿಸಿ. ಪೊಲೀಸರ ಕಾಗದವಿಲ್ಲದೆ ಚಿಕಿತ್ಸೆ ಸಿಗುವುದಿಲ್ಲ ಎಂಬ ಭಯ ಬೇಡ. ಗಾಯಗೊಂಡವರ ಜೀವ ಉಳಿಸುವುದೇ ಮೊದಲ ಕರ್ತವ್ಯವೆಂದು ಸುಪ್ರೀಂ ಕೋರ್ಟು 1989ರಲ್ಲಿಯೇ ಹೇಳಿದೆ.

2. ವೈದ್ಯರಿಗೆ ನಿಜ ಹೇಳಿ. ಎಂಎಲ್‌ಸಿ ಆಗುತ್ತದೆಂದು ಅಂಜಿ ‘ಮೆಟ್ಟಿಲಿಂದ ಬಿದ್ದೆ’ ಎನ್ನುವವರು ಬಹಳ. ಇದರಿಂದ ಚಿಕಿತ್ಸೆಯೂ ದಾರಿ ತಪ್ಪುತ್ತದೆ, ಮುಂದೆ ನ್ಯಾಯಕ್ಕೂ ಕಷ್ಟವಾಗುತ್ತದೆ.

3. ನೊಂದವರ ಮಾತು ಕೇಳಿ, ಆದರೆ ಕೆದಕಬೇಡಿ. ಬಂದವರೆಲ್ಲರ ಮುಂದೆ ನಡೆದದ್ದನ್ನು ಮತ್ತೆ ಮತ್ತೆ ಹೇಳಿಸುವುದರಿಂದ ಉಪಕಾರವಿಲ್ಲ. ಹೇಳಬೇಕೆನಿಸಿದಾಗ ಹೇಳಲಿ, ಅಳಬೇಕೆನಿಸಿದಾಗ ಅಳಲಿ.

4. ಕೆಲಸದಲ್ಲಿ ಜೊತೆಯಾಗಿ. ಗಿರಣಿಗೆ, ಸಂತೆಗೆ, ಕೋರ್ಟಿಗೆ ಒಬ್ಬರು ಜೊತೆ ಹೋದರೆ ಗುಳಿಗೆಗಿಂತ ಹೆಚ್ಚು ಗುಣ.

5. ಎರಡು ಪಕ್ಷಕ್ಕೂ ಸೇರದ ಹಿರಿಯರು, ಶಿಕ್ಷಕರು, ಆಶಾ ಕಾರ್ಯಕರ್ತೆಯರು ಎರಡೂ ಕಡೆಯ ಮನೆಗಳಿಗೆ ಹೋಗಿಬರುವುದನ್ನು ನಿಲ್ಲಿಸಬಾರದು.

6. ಕಾನೂನಿನ ನೆರವಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಅರ್ಹರಿಗೆ ಅಲ್ಲಿ ಉಚಿತವಾಗಿ ವಕೀಲರು ದೊರೆಯುತ್ತಾರೆ.

ಏನು ಮಾಡಬಾರದು?

ಹೊಡೆದಾಟದ ವಿಡಿಯೋವನ್ನು ಮೊಬೈಲಿನಲ್ಲಿ ಹಂಚಬೇಡಿ. ನೋಡಿದವನ ಮನಸ್ಸಿನಲ್ಲಿ ಅದು ಮತ್ತೆ ನಡೆಯುತ್ತದೆ, ನೋಡದ ಊರಿನಲ್ಲಿಯೂ ಕಿಡಿ ಹತ್ತುತ್ತದೆ. ನೋವು ಮರೆಯಲು ಹೆಂಡ ಕುಡಿಯಬೇಡಿ. ಕುಡಿದಾಗ ಬರುವ ನಿದ್ರೆ ನಿದ್ರೆಯಲ್ಲ, ಮರುದಿನ ಸಿಡುಕು ಎರಡರಷ್ಟು.

ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಆಲ್ಪ್ರಜೋಲಾಂನಂತಹ ಗುಳಿಗೆ ತಂದು ನುಂಗಬೇಡಿ. ಆಘಾತವಾದ ಮೊದಲ ತಿಂಗಳಲ್ಲಿ ಅದರ ಲಕ್ಷಣಗಳಿಗೆಂದು ಈ ಜಾತಿಯ ಗುಳಿಗೆಗಳನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ವೈದ್ಯರಿಗೇ ಸಲಹೆ ಮಾಡಿದೆ. ಅಭ್ಯಾಸ ಹತ್ತಿದರೆ ಬಿಡುವುದು ಕಷ್ಟ. ಆದರೆ ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ತಟ್ಟನೆ ನಿಲ್ಲಿಸಲೂಬಾರದು, ವೈದ್ಯರನ್ನು ಕೇಳಿ ನಿಧಾನವಾಗಿ ಇಳಿಸಬೇಕು.

ವೈದ್ಯರಲ್ಲಿಗೆ ಯಾವಾಗ?

ಒಂದು ತಿಂಗಳಾದರೂ ನಿದ್ರೆ, ಊಟ, ಕೆಲಸ ಸರಿಹೋಗದಿದ್ದರೆ ತೋರಿಸಿ. ಸಾಯಬೇಕೆಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಆ ವ್ಯಕ್ತಿಯನ್ನು ಒಬ್ಬರೇ ಬಿಡಬೇಡಿ. ಇದಕ್ಕೆ ಮಾತಿನ ಚಿಕಿತ್ಸೆ ಇದೆ, ಚಟವಾಗದ ಔಷಧಿಗಳೂ ಇವೆ. ‘ಹುಚ್ಚರ ಡಾಕ್ಟರು’ ಎಂಬ ಸಂಕೋಚ ಬಿಡಿ. ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ನೀಡಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ ತೋರಿಸಿಕೊಟ್ಟದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿಯೇ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಿ. ದೇವದುರ್ಗ, ಮಾನ್ವಿಯವರು ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿ ಮಾತಾಡಬಹುದು. ತುರ್ತು ಅಪಾಯಕ್ಕೆ 112, ಮಕ್ಕಳಿಗಾಗಿ 1098, ಮಹಿಳೆಯರಿಗೆ 181.

ಮತ್ತೆ ಆ ಹೆಣ್ಣುಮಗಳ ವಿಷಯ. ನಿದ್ರೆಯ ಗುಳಿಗೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದೆ. ಮನೋವೈದ್ಯರಲ್ಲಿಗೆ ಕಳಿಸಿದೆ. ಅತ್ತೆ ಕೆಲವು ವಾರ ಗಿರಣಿಯ ಹಾದಿಯಲ್ಲಿ ಜೊತೆಗೆ ನಡೆದರು. ಮೊದಲು ಓಣಿಯ ತುದಿಯವರೆಗೆ, ಆಮೇಲೆ ಅರ್ಧ ದಾರಿಯವರೆಗೆ. ಕೇಸು ಇನ್ನೂ ನಡೆದಿದೆ. ಆಕೆ ಅದನ್ನು ಹಿಂದೆ ತೆಗೆದುಕೊಂಡಿಲ್ಲ, ತೆಗೆದುಕೊಳ್ಳಬೇಕೆಂದು ನಾನು ಹೇಳುವುದೂ ಇಲ್ಲ. ಹೋದ ತಿಂಗಳು ಬಂದಾಗ ನಾಡಿ 80 ಇತ್ತು.

“ಈಗ ಸಿದಾ ಹಾದೀಲೆ ಹೊಕ್ಕೀಯೇನವ್ವ?” ಎಂದು ಕೇಳಿದೆ.

“ಒಮ್ಮೊಮ್ಮೆ ಹೊಕ್ಕೀನ್ರಿ. ಒಮ್ಮೊಮ್ಮೆ ಸುತ್ತು ಹಾಕ್ತೀನಿ. ಮೊನ್ನೆ ಆ ಮನಿ ಅಕ್ಕ ಕಟ್ಟಿ ಮ್ಯಾಲೆ ಕುಂತಿದ್ಲು. ಆಕಿನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಆದ್ರ ಆಕಿ ಎದ್ದು ಒಳಗ ಹೋಗಲಿಲ್ರಿ.”

ಚೇತರಿಕೆ ಇಷ್ಟು ನಿಧಾನವಾಗಿ ಬರುತ್ತದೆ. ನಿಮ್ಮ ಓಣಿಯಲ್ಲಿಯೂ ಹೀಗೆ ಊರೆಲ್ಲ ಸುತ್ತಿ ಹೋಗುವವರು ಯಾರಾದರೂ ಇದ್ದರೆ, ಇಂದೇ ಅವರನ್ನು ಮಾತಾಡಿಸಿ, ಆ ಹಾದಿಯಲ್ಲಿ ಸ್ವಲ್ಪ ದೂರ ಅವರ ಜೊತೆ ನಡೆಯಿರಿ.